ಮಸಾಯಿ ಮಾರಾ: ಮೂರು ಕ್ಯಾಂಪಿನ ರೇಟು ಕೈಯಲ್ಲಿದೆ, ಹೋಲಿಸುವುದು ಹೇಗೆ?

ಮಂಡ್ಯ ವಿದ್ಯಾನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಈಗ 68. ಅಮ್ಮನಿಗೆ 62. ನಾವು ಚಿಕ್ಕವರಿದ್ದಾಗ ಕಬ್ಬು ಅರೆಯುವ ಸೀಸನ್ ಮುಗಿದ ಮೇಲೆ ಅಪ್ಪನಿಗೆ ಒಂದಷ್ಟು ರಜೆ ಸಿಗುತ್ತಿತ್ತು. ಆಗ ತಪ್ಪದೆ ನಾಗರಹೊಳೆಗೆ ಕರೆದುಕೊಂಡು ಹೋಗುತ್ತಿದ್ದರು. ಸಫಾರಿ ಬಸ್ಸಿನಲ್ಲಿ ನಮ್ಮಿಬ್ಬರನ್ನೂ ಕಿಟಕಿ ಪಕ್ಕ ಕೂರಿಸಿ, ತಾವು ನಡುವೆ ಕೂತು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮುಂದಿನ ವರ್ಷ ಅವರ ಮದುವೆಗೆ 40 ವರ್ಷ ತುಂಬುತ್ತದೆ. ನಾನೂ ತಮ್ಮನೂ ಸೇರಿ ಇಬ್ಬರನ್ನೂ ಆಫ್ರಿಕಾಕ್ಕೆ ಕರೆದುಕೊಂಡು ಹೋಗಬೇಕು ಅಂತ ಎರಡು ವರ್ಷದಿಂದ ಆರ್‌ಡಿ ಕಟ್ಟುತ್ತಿದ್ದೇವೆ.

ಕೀನ್ಯಾದ ಮಸಾಯಿ ಮಾರಾ ಮೀಸಲು ಅರಣ್ಯ ಅಂತ ತೀರ್ಮಾನ ಆಗಿದೆ. ಅಕ್ಟೋಬರಿನಲ್ಲಿ, ದಸರಾ ರಜೆಗೆ, ನಾಲ್ಕು ಜನ, ಮೂರು ರಾತ್ರಿ. ಮೂರು ಕಡೆಯಿಂದ ರೇಟು ಬಂದಿದೆ. ಎಲ್ಲವೂ ಒಬ್ಬರಿಗೆ ಒಂದು ರಾತ್ರಿಗೆ.

ಮೊದಲನೆಯದು ಆ ಅರಣ್ಯದ ಸೆಕೆನಾನಿ ಗೇಟಿನ ಹೊರಗಡೆ ಇರುವ ಟೆಂಟ್ ಕ್ಯಾಂಪ್. 130 ಡಾಲರ್, ಮೂರು ಹೊತ್ತು ಊಟ ಸೇರಿ. ಎರಡನೆಯದು ಮೀಸಲು ಅರಣ್ಯದ ಒಳಗೇ ಇದೆ. 340 ಡಾಲರ್, ಅದಕ್ಕೂ ಊಟ ಮಾತ್ರ ಸೇರಿದೆ. ಮೂರನೆಯದು ಮೀಸಲು ಅರಣ್ಯದ ಪಕ್ಕದ ಖಾಸಗಿ ವನ್ಯಜೀವಿ ಜಾಗ, ಕನ್ಸರ್ವೆನ್ಸಿ ಅನ್ನುತ್ತಾರಲ್ಲ, ಅಲ್ಲಿಯದು. 620 ಡಾಲರ್. ಊಟ, ಸಫಾರಿ, ಕನ್ಸರ್ವೆನ್ಸಿ ಶುಲ್ಕ ಎಲ್ಲಾ ಸೇರಿದೆ ಅಂತ ಬರೆದಿದ್ದಾರೆ.

130 ಎಲ್ಲಿ, 620 ಎಲ್ಲಿ! ಸುಮಾರು ಐದು ಪಟ್ಟು. ತಮ್ಮ ಮೊದಲನೆಯದೇ ಸಾಕು ಅನ್ನುತ್ತಾನೆ. ಮಲಗುವುದಕ್ಕೆ ಅಷ್ಟೊಂದು ಯಾಕೆ ಕೊಡಬೇಕು, ಪ್ರಾಣಿ ಎಲ್ಲರಿಗೂ ಒಂದೇ ಅಲ್ವಾ ಅನ್ನುವುದು ಅವನ ವಾದ. ನನಗೂ ಉತ್ತರ ಗೊತ್ತಿಲ್ಲ. ವಿಮಾನದ ಖರ್ಚು ಬಿಟ್ಟು ಕ್ಯಾಂಪು, ಸಫಾರಿಗೆ ಅಂತ ಒಬ್ಬರಿಗೆ ಒಂದೂವರೆ ಲಕ್ಷ ಇಟ್ಟುಕೊಂಡಿದ್ದೇವೆ. ಅಮ್ಮನಿಗೆ ಮಂಡಿ ನೋವು ಇದೆ. ನಾವು ಸಸ್ಯಾಹಾರಿಗಳು. ಹೋಗಿ ಬಂದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಹುಣಸೂರು ರಸ್ತೆ:

ನಾನು ಕೀನ್ಯಾಕ್ಕೆ ಹೋಗಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿಗೆ ಹೋಗಿದ್ದೆ, ಇಬ್ಬರು ಗೆಳೆಯರ ಜೊತೆ. ಖರ್ಚೇ ಮುಖ್ಯವಾದರೆ ಅದನ್ನೂ ಒಮ್ಮೆ ಯೋಚಿಸಿ ಅಕ್ಕ.

ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸಿದೆವು. ನಮ್ಮ ಹಾಗೇ ಎಡಗಡೆ ಓಡಿಸುವುದು. ಜೋಹಾನ್ಸ್‌ಬರ್ಗ್‌ನಿಂದ ಐದಾರು ಗಂಟೆ. ಕಾಡಿನ ಒಳಗೇ ಡಾಂಬರು ರಸ್ತೆ ಇದೆ, 50 ಕಿಲೋಮೀಟರ್ ವೇಗದ ಮಿತಿ. ಸ್ಕುಕುಜಾ, ಸತಾರಾ, ಲೋಯರ್ ಸಾಬಿ ಅಂತ ಸರ್ಕಾರದ್ದೇ ಬೇಲಿ ಹಾಕಿದ ಕ್ಯಾಂಪುಗಳಿವೆ. ಅಲ್ಲಿ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲಾ ಸಿಗುತ್ತದೆ. ಅಡುಗೆ ಮನೆ ಇರುವ ಕಾಟೇಜ್ ಹಿಡಿದು ನಾವೇ ಅನ್ನ ಸಾರು ಮಾಡಿಕೊಂಡೆವು. ಒಬ್ಬರಿಗೆ ದಿನದ ಪ್ರವೇಶ ಶುಲ್ಕ ಸುಮಾರು 600 ರಾಂಡ್, ಅಂದರೆ ಮೂರು ಸಾವಿರ ರೂಪಾಯಿಯ ಸುತ್ತಮುತ್ತ. ಬುಕಿಂಗ್ 11 ತಿಂಗಳು ಮುಂಚೆಯೇ ತೆಗೆಯುತ್ತಾರೆ. ಶಾಲಾ ರಜೆಯ ದಿನಗಳು ಬೇಗ ತುಂಬಿಹೋಗುತ್ತವೆ.

ಒಂದು ತೊಂದರೆ ಅಂದರೆ ಪ್ರಾಣಿಯನ್ನು ಹುಡುಕುವವರೂ ನಾವೇ. ಕಾರಿನಿಂದ ಇಳಿಯುವ ಹಾಗಿಲ್ಲ, ರಸ್ತೆ ಬಿಟ್ಟು ಹೋಗುವ ಹಾಗಿಲ್ಲ. ಮೊದಲ ದಿನ ನಾವು ನೋಡಿದ್ದು ಜಿಂಕೆ ಮಾತ್ರ. ಮೂರನೇ ದಿನದ ಹೊತ್ತಿಗೆ ಕಣ್ಣು ಪಳಗಿತು. ವಯಸ್ಸಾದವರು ಜೊತೆಗಿದ್ದರೆ ದಿನಕ್ಕೆ ಆರೇಳು ಗಂಟೆ ಕಾರಿನಲ್ಲೇ ಕೂರುವುದು ಕಷ್ಟ ಆಗಬಹುದು.

ಕುವೆಂಪುನಗರ ಮೈಸೂರು:

ತಂಗಿ, ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವಳು ನಾನು. ಪ್ರವಾಸ ಹೋದರೂ ದಿನಾ ರಾತ್ರಿ ಖರ್ಚು ಬರೆದು ಮಲಗುವ ಅಭ್ಯಾಸ. 2025ರ ಫೆಬ್ರವರಿಯಲ್ಲಿ ನಾನು, ನಮ್ಮ ಯಜಮಾನರು ಮಾರಾಗೆ ಹೋಗಿದ್ದೆವು. ಮೊದಲ ಎರಡು ರಾತ್ರಿ ಗೇಟಿನ ಹೊರಗೆ, ಆಮೇಲೆ ಎರಡು ರಾತ್ರಿ ಕನ್ಸರ್ವೆನ್ಸಿಯಲ್ಲಿ. ಹಾಗಾಗಿ ನಿಮ್ಮ ತಮ್ಮನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ಮೊದಲು ಒಂದು ಮಾತು. 130, 340, 620 ಇವು ಹೋಲಿಸುವ ಸಂಖ್ಯೆಗಳೇ ಅಲ್ಲ. ಒಂದು ಬರೀ ಅನ್ನದ ಬೆಲೆ ಇದ್ದ ಹಾಗೆ, ಇನ್ನೊಂದು ಪೂರ್ತಿ ಊಟದ ಬೆಲೆ ಇದ್ದ ಹಾಗೆ. ಮೂರನ್ನೂ ಒಂದೇ ಅಳತೆಗೆ ತರಬೇಕು.

ಮೊದಲ ಎರಡಕ್ಕೆ ಸೇರದೇ ಇರುವುದು ಪ್ರವೇಶ ಶುಲ್ಕ. ಮಾರಾ ಮೀಸಲು ಅರಣ್ಯಕ್ಕೆ ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್. ಜುಲೈನಿಂದ ಡಿಸೆಂಬರ್‌ವರೆಗೆ 200. ಇದು 2024ರಿಂದ ಬಂದ ದರ. ಅದೇ ವರ್ಷ ಇನ್ನೊಂದು ನಿಯಮವೂ ಬಂತು. ಮೊದಲು ಟಿಕೆಟ್ 24 ಗಂಟೆಗೆ ಇತ್ತು. ಈಗ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ನಾವು ಇಲ್ಲೇ ಏಟು ತಿಂದಿದ್ದು. ನೈರೋಬಿಯಿಂದ ಹೊರಟು ಮೊದಲ ದಿನ ಮಧ್ಯಾಹ್ನ ಮೂರೂವರೆಗೆ ಗೇಟಿಗೆ ಬಂದೆವು. ಡ್ರೈವರ್ "ಈಗಲೇ ಒಂದು ರೌಂಡ್ ಹೋಗೋಣ" ಅಂದರು. ಹೋದೆವು. ಎರಡು ಗಂಟೆಗೆ ಇಬ್ಬರಿಂದ 200 ಡಾಲರ್ ಹೋಯಿತು. ಮರುದಿನ ಬೆಳಗ್ಗೆ ಮತ್ತೆ ಟಿಕೆಟ್. ನಮ್ಮನ್ನು ಕಳಿಸಿದ ಏಜೆಂಟ್ ಇದನ್ನು ಹೇಳಿಯೇ ಇರಲಿಲ್ಲ. ನೀವು ಅಕ್ಟೋಬರ್‌ನಲ್ಲಿ ಹೀಗೆ ಮಾಡಿದರೆ ನಾಲ್ಕು ಜನಕ್ಕೆ 800 ಡಾಲರ್ ಆಗುತ್ತದೆ. ಮೊದಲ ದಿನ ಹೊರಗಡೆಯೇ ಆರಾಮವಾಗಿ ಇದ್ದುಬಿಡಿ.

ಸೇರದೇ ಇರುವ ಇನ್ನೊಂದು ಖರ್ಚು ಗಾಡಿ. ಮಾಡು ಮೇಲೆತ್ತುವ ಲ್ಯಾಂಡ್ ಕ್ರೂಸರ್, ಡ್ರೈವರ್, ಡೀಸೆಲ್ ಸೇರಿ ನೈರೋಬಿಯಿಂದ ದಿನಕ್ಕೆ 280 ಡಾಲರ್ ಅಂತ ಹಿಡಿಯಿರಿ. ನಾಲ್ಕು ದಿನಕ್ಕೆ 1,120.

ಈಗ ನಾಲ್ಕು ಜನಕ್ಕೆ ಲೆಕ್ಕ ಹಾಕೋಣ. ಗೇಟಿನ ಹೊರಗಿನ ಕ್ಯಾಂಪು: ಇರುವುದಕ್ಕೆ 1,560, ಎರಡು ದಿನದ ಟಿಕೆಟ್ 1,600, ಗಾಡಿ 1,120. ಒಟ್ಟು 4,280. ತಲೆಗೆ 1,070. ಒಳಗಿನ ಕ್ಯಾಂಪು: ಇರುವುದಕ್ಕೆ 4,080, ಮೂರು ರಾತ್ರಿಗೆ ಮೂರು ಟಿಕೆಟ್‌ನಂತೆ 2,400, ಗಾಡಿ 1,120. ಒಟ್ಟು 7,600. ತಲೆಗೆ 1,900. ಒಳಗೆ ಉಳಿದವರು ಹೊರಡುವ ದಿನ ಬೆಳಗ್ಗೆ 10 ಗಂಟೆಯೊಳಗೆ ಗೇಟು ದಾಟಬೇಕು. ಇಲ್ಲದಿದ್ದರೆ ಮತ್ತೊಂದು ದಿನದ ಟಿಕೆಟ್ ಬೀಳುತ್ತದೆ. ಇನ್ನು ಕನ್ಸರ್ವೆನ್ಸಿ: 7,440, ಜೊತೆಗೆ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗಿ ಬರಲು ತಲೆಗೆ ಸುಮಾರು 380. ಒಟ್ಟು 8,960. ತಲೆಗೆ 2,240.

ನೋಡಿ, ಐದು ಪಟ್ಟು ಇದ್ದ ಅಂತರ ಆಗಲೇ ಎರಡು ಪಟ್ಟಿಗೆ ಇಳಿಯಿತು. ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ನನಗೆ ಅರ್ಥವಾಗಿದ್ದು ಇದರ ಮುಂದಿನದು.

ಅಲ್ಲಿ ಭೂಮಧ್ಯರೇಖೆ ಪಕ್ಕದಲ್ಲೇ. ವರ್ಷವಿಡೀ ಹೆಚ್ಚುಕಡಿಮೆ ಆರೂವರೆಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ಆರೂವರೆಯ ಸುಮಾರಿಗೆ ಮುಳುಗುತ್ತಾನೆ. ಸಿಂಹ, ಚೀತಾ ಓಡಾಡುವುದು ಬೆಳಕು ಹರಿದಾಗಿನಿಂದ ಒಂಬತ್ತೂವರೆವರೆಗೆ, ಆಮೇಲೆ ಸಂಜೆ ನಾಲ್ಕರ ನಂತರ. ನಡುವಿನ ಹೊತ್ತು ಬಿಸಿಲು. ಸಿಂಹ ಪೊದೆಯ ಕೆಳಗೆ ಹೊಟ್ಟೆ ಮೇಲೆ ಮಾಡಿ ಮಲಗಿರುತ್ತದೆ. ಎಷ್ಟು ಹೊತ್ತು ನಿಂತು ನೋಡಿದರೂ ಅಷ್ಟೇ. ನಾಗರಹೊಳೆಯಲ್ಲೂ ಬೆಳಗಿನ ಮೊದಲ ಟ್ರಿಪ್ಪಿಗೆ ಜನ ಮುಗಿಬೀಳುವುದು ಇದಕ್ಕೇ ಅಲ್ವಾ? ನಾನು ಆ ಹೊತ್ತಿಗೆ "ಒಳ್ಳೆಯ ಹೊತ್ತು" ಅಂತ ಹೆಸರಿಟ್ಟು ನೋಟ್‌ಬುಕ್ಕಿನಲ್ಲಿ ಬೇರೆ ಕಾಲಂ ಹಾಕಿದ್ದೆ.

ಗೇಟಿನ ಹೊರಗೆ ಇದ್ದಾಗ ಬೆಳಗ್ಗೆ ಆರಕ್ಕೆ ಹೊರಟೆವು. ಗೇಟಿಗೆ 35 ನಿಮಿಷ. ಅಲ್ಲಿ ನಮ್ಮ ಮುಂದೆ ಸಾಲಾಗಿ ಗಾಡಿಗಳು. ಪಾಸ್‌ಪೋರ್ಟ್, ಹಣ ಕಟ್ಟಿದ ರಸೀದಿ ತೋರಿಸಿ ಒಳಗೆ ಹೋದಾಗ 7:10. ನಾವು ಗೇಟಿನಲ್ಲಿ ಕೂತಿದ್ದಾಗಲೇ ಒಂದಷ್ಟು ದೂರದಲ್ಲಿ ಸಿಂಹಿಣಿಗಳು ಝೀಬ್ರಾ ಹಿಡಿದಿದ್ದವಂತೆ. ನಾವು ಹೋಗುವಷ್ಟರಲ್ಲಿ ರಣಹದ್ದು ಇಳಿದಿದ್ದವು. ಸಂಜೆ ಆರಕ್ಕೆ ಟಿಕೆಟ್ ಮುಗಿಯುತ್ತದೆ ಅಂತ ಡ್ರೈವರ್ ಐದಕ್ಕೇ ಗಾಡಿ ತಿರುಗಿಸಿದರು. ಇಡೀ ದಿನ ಒಳಗಿದ್ದೆವು, ಡಬ್ಬಿ ಊಟವನ್ನೂ ಅಲ್ಲೇ ಮಾಡಿದೆವು. ಆದರೂ ಒಳ್ಳೆಯ ಹೊತ್ತು ಅಂತ ಬರೆದದ್ದು ನಾಲ್ಕು ಗಂಟೆಗೂ ಕಡಿಮೆ. ಲ್ಯಾಂಡ್ ಕ್ರೂಸರ್ ಅಂತ ಹೇಳಿ ವ್ಯಾನ್ ಕಳಿಸಿದ್ದರು, ನಮ್ಮ ಜೊತೆ ಇನ್ನೂ ನಾಲ್ಕು ಜನ. ಮಾಡು ಎತ್ತಿದಾಗ ಎಲ್ಲರೂ ಒಂದೇ ಕಡೆ ಎದ್ದು ನಿಲ್ಲುತ್ತಿದ್ದರು. ಕುಳ್ಳಗಿರುವ ನನಗೆ ಕಂಡಿದ್ದು ಬೆನ್ನುಗಳೇ.

ಈ ಲೆಕ್ಕವನ್ನು ನಿಮ್ಮ ಮೂರು ಕ್ಯಾಂಪಿಗೆ ಹಚ್ಚಿ. ಹೊರಗಿನದರಲ್ಲಿ ಎರಡು ದಿನ, ದಿನಕ್ಕೆ ನಾಲ್ಕರಂತೆ ಎಂಟು ಗಂಟೆ. ಒಳಗಿನದರಲ್ಲಿ ಮೊದಲ ಸಂಜೆ, ಎರಡು ಪೂರ್ತಿ ದಿನ, ಕೊನೆಯ ಬೆಳಗ್ಗೆ ಸೇರಿ ಸುಮಾರು 15. ಕನ್ಸರ್ವೆನ್ಸಿಯಲ್ಲಿ ಸುಮಾರು 16. ಈಗ ಭಾಗಿಸಿ. ಒಳ್ಳೆಯ ಹೊತ್ತಿನ ಒಂದು ಗಂಟೆಗೆ ತಲೆಗೆ 134 ಡಾಲರ್, 127 ಡಾಲರ್, 140 ಡಾಲರ್. ಮೂರೂ ಹೆಚ್ಚುಕಡಿಮೆ ಒಂದೇ ಸಮ! ಕಮ್ಮಿ ದುಡ್ಡಿಗೆ ಕಮ್ಮಿ ಹೊತ್ತು ಸಿಗುತ್ತದೆ, ಅಷ್ಟೇ. ಅಂದರೆ ಹೊರಗಿನ ಕ್ಯಾಂಪು ಅಗ್ಗ ಅಲ್ಲ. ಇದನ್ನು ನಿಮ್ಮ ತಮ್ಮನಿಗೆ ತೋರಿಸಿ.

ಇನ್ನು ಕನ್ಸರ್ವೆನ್ಸಿ ವಿಷಯ. ಇದು ಮಸಾಯಿ ಜನರ ಸ್ವಂತ ಜಮೀನು. ನೂರಾರು ಕುಟುಂಬಗಳು ತಮ್ಮ ತಮ್ಮ ತುಂಡುಗಳನ್ನು ಕೂಡಿಸಿ ಕ್ಯಾಂಪಿನವರಿಗೆ ಗುತ್ತಿಗೆಗೆ ಕೊಟ್ಟಿವೆ. ಬಾಡಿಗೆ ಅವರಿಗೆ ಹೋಗುತ್ತದೆ. ನಬೋಯಿಶೊ, ಓಲಾರೆ ಮೊಟೊರೋಗಿ, ಮಾರಾ ನಾರ್ತ್ ಇವೆಲ್ಲಾ ಹಾಗೆ ಆದವು. ಅಲ್ಲಿ ಉಳಿದವರ ಗಾಡಿ ಮಾತ್ರ ಓಡಾಡಬಹುದು. ಎಷ್ಟು ಟೆಂಟ್ ಇರಬೇಕು, ಒಂದು ಪ್ರಾಣಿಯ ಹತ್ತಿರ ಎಷ್ಟು ಗಾಡಿ ನಿಲ್ಲಬೇಕು ಅನ್ನುವುದಕ್ಕೆ ಮಿತಿ ಇದೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಹೋಗಬಹುದು. ಕತ್ತಲಾದ ಮೇಲೂ ನೋಡಬಹುದು. ಮೀಸಲು ಅರಣ್ಯದಲ್ಲಿ ಇವಕ್ಕೆ ಅವಕಾಶ ಇಲ್ಲ. ನನ್ನ ಮಟ್ಟಿಗೆ ಆ ದುಡ್ಡು ಆ ಜನಕ್ಕೆ ಹೋಗುತ್ತದಲ್ಲ, ಅದೂ ಒಂದು ಸಮಾಧಾನ. ಅವರು ಬೇಲಿ ಹಾಕಿ ಉತ್ತುಬಿಟ್ಟಿದ್ದರೆ ಪ್ರಾಣಿಗಳು ಎಲ್ಲಿಗೆ ಹೋಗಬೇಕಿತ್ತು?

ಅಲ್ಲಿ ಮೊದಲ ಬೆಳಗ್ಗೆ ಐದೂವರೆಗೆ ಟೆಂಟಿನ ಹೊರಗಿನಿಂದ "ಜಾಂಬೋ" ಅಂತ ಮೆಲ್ಲಗೆ ದನಿ ಬಂತು. ಜಿಪ್ ತೆಗೆದರೆ ಫ್ಲಾಸ್ಕಿನಲ್ಲಿ ಚಹಾ. ಚಳಿ ಅಂದರೆ ಚಳಿ. ಆ ಜಾಗ ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿದೆ. ರಾತ್ರಿ ಹಾಸಿಗೆಯಲ್ಲಿ ಇಟ್ಟಿದ್ದ ಬಿಸಿನೀರಿನ ಚೀಲ ಇನ್ನೂ ಬೆಚ್ಚಗಿತ್ತು. ಅದನ್ನೇ ಸ್ವೆಟರ್ ಒಳಗೆ ಇಟ್ಟುಕೊಂಡು ಗಾಡಿ ಹತ್ತಿದೆ. 6:10ಕ್ಕೆ ಹೊರಟೆವು. ಗೇಟು ಇಲ್ಲ, ಸಾಲು ಇಲ್ಲ. ಹತ್ತು ನಿಮಿಷ ಆಗಿರಬೇಕು, ಗೈಡ್ ಇಂಜಿನ್ ಆಫ್ ಮಾಡಿ "ದುಮಾ" ಅಂದರು. ಸ್ವಾಹಿಲಿಯಲ್ಲಿ ಚೀತಾಕ್ಕೆ ಹಾಗೆ ಅನ್ನುತ್ತಾರೆ. ಒಂದು ಗೆದ್ದಲು ಹುತ್ತದ ಮೇಲೆ ತಾಯಿ ಚೀತಾ ಕೂತಿತ್ತು. ಹುತ್ತದ ಬುಡದಲ್ಲಿ ಮೂರು ಮರಿ. ಬೆನ್ನ ಮೇಲೆ ಬೂದಿ ಬಣ್ಣದ ಉದ್ದ ಕೂದಲು, ಇಬ್ಬನಿಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಒಂದು ಮರಿ ತಾಯಿಯ ಬಾಲ ಹಿಡಿಯಲು ಹೋಗಿ ಜಾರಿ ಬೀಳುತ್ತಿತ್ತು, ಮತ್ತೆ ಹತ್ತುತ್ತಿತ್ತು. ತಾಯಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ದೂರದ ಹುಲ್ಲನ್ನೇ ನೋಡುತ್ತಿತ್ತು. ಕಣ್ಣಿನಿಂದ ಬಾಯಿವರೆಗೆ ಇಳಿದ ಕಪ್ಪು ಗೆರೆ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ. ಐವತ್ತು ನಿಮಿಷ ಅಲ್ಲೇ ಇದ್ದೆವು. ನಮ್ಮ ಗಾಡಿ ಬಿಟ್ಟರೆ ಇನ್ನೊಂದೇ ಗಾಡಿ ಬಂದಿದ್ದು. ನಮ್ಮ ಯಜಮಾನರು ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅಷ್ಟು ಹೊತ್ತು ಮಾತಿಲ್ಲದೆ ಕೂತಿದ್ದನ್ನು ನಾನು ನೋಡಿರಲಿಲ್ಲ.

ಇನ್ನು ನಿಮಗೆ ನನ್ನದೊಂದು ಪ್ರಶ್ನೆ. ಅಕ್ಟೋಬರ್ ಯಾಕೆ? ವೈಲ್ಡ್‌ಬೀಸ್ಟ್ ಅನ್ನುವ ದನದಂಥ ಪ್ರಾಣಿಗಳ ಹಿಂಡು ಮಾರಾ ನದಿ ದಾಟುವುದನ್ನು ನೋಡಲೇಬೇಕು ಅಂತ ಇದ್ದರೆ ಸರಿ, ಅವು ಅಲ್ಲಿರುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಇಲ್ಲದಿದ್ದರೆ ದುಬಾರಿ ತಿಂಗಳು ಅದು. ಸಿಂಹ, ಚೀತಾ, ಆನೆ, ಜಿರಾಫೆ ವರ್ಷಪೂರ್ತಿ ಅಲ್ಲೇ ಇರುತ್ತವೆ. ಅಪ್ಪನಿಗೆ ಏನು ನೋಡುವ ಆಸೆ ಅಂತ ಕೇಳಿದ್ದೀರಾ?

ಮಂಡ್ಯ ವಿದ್ಯಾನಗರ:

ಅಮ್ಮ, ನಿಮಗೆ ಹೇಗೆ ಧನ್ಯವಾದ ಹೇಳಲಿ? ನಿಮ್ಮ ಲೆಕ್ಕವನ್ನು ಹಾಳೆಯಲ್ಲಿ ಬರೆದು ತಮ್ಮನಿಗೆ ತೋರಿಸಿದೆ. ಮೂರು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದ. "ಹಾಗಾದರೆ ಗೇಟಿನ ಹೊರಗಿನದು ಬೇಡ ಬಿಡು" ಅಂದ.

ಅಪ್ಪನನ್ನು ನಾವು ಕೇಳಿಯೇ ಇರಲಿಲ್ಲ. ಅಚ್ಚರಿ ಕೊಡಬೇಕು ಅಂತಿದ್ದೆವು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಮಾತು ತೆಗೆದೆ, ಆಫ್ರಿಕಾದಲ್ಲಿ ಒಂದೇ ಒಂದು ಪ್ರಾಣಿ ನೋಡಬಹುದು ಅಂದರೆ ಯಾವುದನ್ನು ನೋಡುತ್ತೀರಿ ಅಂತ. ಒಂದು ಕ್ಷಣವೂ ಯೋಚಿಸಲಿಲ್ಲ. "ಚೀತಾ" ಅಂದರು. ಆಮೇಲೆ ಅನ್ನ ಕಲಸುವುದನ್ನು ಬಿಟ್ಟು ಶುರು ಮಾಡಿದರು. ನಮ್ಮ ದೇಶದಲ್ಲಿ ಚೀತಾ ಇನ್ನಿಲ್ಲ ಅಂತ ಸರ್ಕಾರ ಹೇಳಿದ್ದು 1952ರಲ್ಲಿ, ನಾನು ಹುಟ್ಟುವ ಮೊದಲೇ ಹೋಗಿಬಿಟ್ಟಿತ್ತು, ಮಧ್ಯಪ್ರದೇಶದ ಕುನೋ ಕಾಡಿಗೆ 2022ರಲ್ಲಿ ನಮೀಬಿಯಾದಿಂದ ತಂದಾಗ ಟಿವಿ ಮುಂದೆ ಕೂತು ನೋಡಿದೆ ಅಂತೆಲ್ಲಾ. ನದಿ ದಾಟುವುದರ ಮಾತೇ ಬರಲಿಲ್ಲ. ನಿಮ್ಮ ಹುತ್ತದ ಮೇಲಿನ ಚೀತಾದ ಕಥೆಯನ್ನು ನಾನು ಇನ್ನೂ ಅವರಿಗೆ ಹೇಳಿಲ್ಲ. ಹೇಳಿದರೆ ನಾಳೆಯೇ ಹೊರಡುತ್ತಾರೆ.

ನಮಗೆ ಅಕ್ಟೋಬರ್ ಆಗಲೇಬೇಕು ಅಂತೇನೂ ಇಲ್ಲ. ಫೆಬ್ರವರಿಗೂ ನಾವಿಬ್ಬರೂ ರಜೆ ಹಾಕಬಹುದು. ಆದರೆ ಅಮ್ಮನ ಮಂಡಿ, ಊಟ ಇವೆರಡರ ಬಗ್ಗೆ ಹೇಳಿ. ಇನ್ನೊಂದು, ತಾಂಜಾನಿಯಾದ ಸೆರೆಂಗೆಟಿ ಅಗ್ಗ ಅಂತ ಒಬ್ಬರು ಹೇಳಿದರು. ನಿಜವೇ?

ಗುತ್ತಲು ರಸ್ತೆ:

ನಾನು ನರ್ಸ್. ಖರ್ಚಿನ ಮಾತಿನ ನಡುವೆ ಇದನ್ನು ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ಕೀನ್ಯಾಕ್ಕೆ ಹೋಗಿ ಭಾರತಕ್ಕೆ ವಾಪಸ್ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಕಾರ್ಡ್ ಇರಲೇಬೇಕು. ಇಲ್ಲದಿದ್ದರೆ ವಿಮಾನ ಇಳಿದ ಮೇಲೆ 6 ದಿನದವರೆಗೆ ಬೇರೆ ಇರಿಸುವ ನಿಯಮ ಇದೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು. ಎಲ್ಲಾ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಇದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು.

ಮುಖ್ಯವಾದ ಮಾತು ಇದು. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಡುವಾಗ ಅಪರೂಪಕ್ಕೆ ಗಂಭೀರ ತೊಂದರೆ ಆಗುವ ಸಾಧ್ಯತೆ ಚಿಕ್ಕವರಿಗಿಂತ ಜಾಸ್ತಿ. ಅದಕ್ಕೆ ಡಾಕ್ಟರ್ ನೋಡಿಯೇ ತೀರ್ಮಾನಿಸಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೊಟ್ಟೆಯ ಅಲರ್ಜಿ ತೀವ್ರವಾಗಿದ್ದರೆ ಮೊದಲೇ ಹೇಳಿ. ನಿಮ್ಮ ಅಪ್ಪ, ಅಮ್ಮ ಇಬ್ಬರೂ ಈ ವಯಸ್ಸಿನಲ್ಲೇ ಇದ್ದಾರೆ. ಹಾಗಾಗಿ ಕ್ಯಾಂಪಿಗೆ ಒಂದು ರೂಪಾಯಿ ಕಟ್ಟುವ ಮೊದಲು ಅವರನ್ನು ನೋಡುವ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಮಲೇರಿಯಾ ಮಾತ್ರೆಯನ್ನೂ ಅಲ್ಲೇ ಕೇಳಿ. ಲಸಿಕೆ ಬೇಡ ಅಂತ ಅವರು ಹೇಳಿದರೆ ಆಗ ಕ್ರೂಗರ್ ಯೋಚಿಸಬಹುದು, ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರ ಇಲ್ಲ.

ಕುವೆಂಪುನಗರ ಮೈಸೂರು:

ನರ್ಸಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಯಜಮಾನರಿಗೂ ಡಾಕ್ಟರ್ ಬಿಪಿ, ಮಾತ್ರೆ ಎಲ್ಲಾ ನೋಡಿದ ಮೇಲೆಯೇ ಹೂಂ ಅಂದಿದ್ದು. ಮೊದಲು ಅದು, ಆಮೇಲೆ ಉಳಿದದ್ದು.

ಸೆರೆಂಗೆಟಿ ವಿಷಯ. ದಿನದ ಶುಲ್ಕ ನೋಡಿದರೆ ಕಡಿಮೆಯೇ. 70 ಡಾಲರ್, ಅದರ ಮೇಲೆ 18% ತೆರಿಗೆ, ಒಟ್ಟು 82.60.  ಆದರೆ ಪಾರ್ಕಿನ ಒಳಗೆ ಮಲಗುವುದಕ್ಕೆ ರಾತ್ರಿಗಿಷ್ಟು ಅಂತ ಬೇರೆ ಶುಲ್ಕ ಇದೆ. ದಾರಿಯಲ್ಲಿ ಗೊರೊಂಗೊರೊ ಅಂತ ಹಳೇ ಜ್ವಾಲಾಮುಖಿಯ ದೊಡ್ಡ ಕುಳಿ ಇರುವ ಇನ್ನೊಂದು ಕಾಡು ಸಿಗುತ್ತದೆ, ಅದಕ್ಕೆ ಪ್ರತ್ಯೇಕ ಟಿಕೆಟ್. ಆ ಕುಳಿಯೊಳಗೆ ಇಳಿಯಲು ಗಾಡಿಗೆ ತೆರಿಗೆ ಸೇರಿ 295 ಡಾಲರ್. ನಾಲ್ಕು ಜನ ಹಂಚಿಕೊಂಡರೂ ತಲೆಗೆ 74 ಆಯಿತಲ್ಲ. ಅಲ್ಲಿಗೆ ಹೊರಡುವ ಅರುಷಾ ಊರಿನಿಂದ ದಾರಿಯೂ ಉದ್ದ. ಐದಾರು ದಿನ ಇರುವವರಿಗೆ ಅದು ಒಳ್ಳೆಯದು. ಮೂರು ರಾತ್ರಿಗೆ ಮಾರಾನೇ ಸರಿ.

ಅಮ್ಮನ ಮಂಡಿಗೆ ಬರೋಣ. ನೈರೋಬಿಯಿಂದ ಮಾರಾಗೆ ಸುಮಾರು 270 ಕಿಲೋಮೀಟರ್, ಐದಾರು ಗಂಟೆ. ನರೋಕ್ ಊರು ದಾಟಿ ಸೆಕೆನಾನಿವರೆಗೆ ಡಾಂಬರು ರಸ್ತೆ ಇದೆ, ಆದರೆ ಒಳಗೆ ಬರೀ ಹಳ್ಳ ದಿಣ್ಣೆ. ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ ಅಷ್ಟೇ. ಅದರಲ್ಲಿ ಒಬ್ಬರಿಗೆ 15 ಕೆಜಿ ಮಿತಿ, ಮೆತ್ತನೆಯ ಬ್ಯಾಗೇ ಆಗಬೇಕು. ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡ. ಗಾಡಿ ಹತ್ತುವ ಮೆಟ್ಟಿಲು ಎತ್ತರ ಇರುತ್ತದೆ. ನಾನು ಕೇಳಿದ್ದಕ್ಕೆ ಒಂದು ಮರದ ಸ್ಟೂಲ್ ಇಟ್ಟುಕೊಂಡು ಬಂದರು. ಮೊದಲೇ ಮೇಲ್‌ನಲ್ಲಿ ಬರೆದುಬಿಡಿ. ಟೆಂಟ್ ಅಂದರೆ ಹೆದರಬೇಡಿ. ಕ್ಯಾನ್ವಾಸ್ ಗೋಡೆ ಅಷ್ಟೇ, ಒಳಗೆ ಮಂಚ, ಹಿಂದೆ ಕಮೋಡ್ ಇರುವ ಬಚ್ಚಲು. ಕೆಲವು ಕಡೆ ಸ್ನಾನಕ್ಕೆ ಹೇಳಿದರೆ ಬಿಸಿನೀರು ತಂದು ಹೊರಗಡೆ ಮೇಲೆ ಕಟ್ಟಿದ ಬಕೆಟ್‌ಗೆ ಸುರಿಯುತ್ತಾರೆ, ಒಳಗೆ ಶವರ್ ಬರುತ್ತದೆ. ಸೋಪು ಹಚ್ಚುವಾಗ ನೀರು ನಿಲ್ಲಿಸಿಕೊಳ್ಳಬೇಕು. ಬೇಲಿ ಇರುವುದಿಲ್ಲ. ಕತ್ತಲಾದ ಮೇಲೆ ಊಟಕ್ಕೆ ಹೋಗುವಾಗ ಕಾವಲಿನವರು ಟಾರ್ಚ್ ಹಿಡಿದು ಜೊತೆಗೆ ಬರುತ್ತಾರೆ. ಹಾಗಾಗಿ ಊಟದ ಜಾಗಕ್ಕೆ ಹತ್ತಿರದ ಟೆಂಟ್ ಕೊಡಿ ಅಂತ ಅಮ್ಮನ ಹೆಸರಿನಲ್ಲಿ ಕೇಳಿ.

ಊಟದ ಬಗ್ಗೆ ಚಿಂತೆ ಬೇಡ. ಕೀನ್ಯಾದಲ್ಲಿ ನಮ್ಮವರು ನೂರು ವರ್ಷಕ್ಕೂ ಹೆಚ್ಚಿನಿಂದ ಇದ್ದಾರೆ, ಅಲ್ಲಿಯವರ ಬಾಯಲ್ಲೇ ಚಪಾತಿ ಅನ್ನುವ ಮಾತಿದೆ. ಹೆಸರುಕಾಳಿನ ಗೊಜ್ಜಿನ ಹಾಗೆ ಒಂದು ಮಾಡುತ್ತಾರೆ, ಅದಕ್ಕೆ ನ್ದೆಂಗು ಅನ್ನುತ್ತಾರೆ. ಸುಕುಮಾ ವಿಕಿ ಅಂತ ಸೊಪ್ಪಿನ ಪಲ್ಯ. ಎರಡೂ ನಮ್ಮ ಬಾಯಿಗೆ ಹತ್ತಿತು. ಚಟ್ನಿಪುಡಿ ತೆಗೆದುಕೊಂಡು ಹೋಗುವುದಾದರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಬಟ್ಟೆಯಲ್ಲಿ ಕಡು ನೀಲಿ, ಕಪ್ಪು ಬೇಡ. ಸೆಟ್ಸೆ ಅನ್ನುವ ಕಚ್ಚುವ ನೊಣ ಆ ಬಣ್ಣಕ್ಕೇ ಬರುತ್ತದೆ.

ದುಡ್ಡು ಕಟ್ಟುವ ಮೊದಲು ಕ್ಯಾಂಪಿಗೆ ಇದನ್ನೆಲ್ಲಾ ಬರವಣಿಗೆಯಲ್ಲಿ ಕೇಳಿ. ಗಾಡಿಯಲ್ಲಿ ನಾವು ನಾಲ್ಕೇ ಜನವೋ, ಬೇರೆಯವರೂ ಬರುತ್ತಾರೋ? ಗಾಡಿ ಯಾವುದು, ಫೋಟೋ ಕಳಿಸಿ. ಬೆಳಗ್ಗೆ ಎಷ್ಟು ಗಂಟೆಗೆ ಹೊರಡಬಹುದು? ಗೈಡ್‌ಗೆ ಅಲ್ಲಿ ಪರೀಕ್ಷೆ ಇದೆ, ಕಂಚು, ಬೆಳ್ಳಿ, ಚಿನ್ನ ಅಂತ ದರ್ಜೆ. ನಮಗೆ ಸಿಗುವವರು ಯಾವ ದರ್ಜೆ? ಕನ್ಸರ್ವೆನ್ಸಿಯಿಂದ ಮುಖ್ಯ ಮೀಸಲಿಗೆ ಒಂದು ದಿನ ಹೋಗಬೇಕು ಅಂದರೆ ಅದರ ಟಿಕೆಟ್ ಬೇರೆ, ಅದು ನೆನಪಿರಲಿ. ಎಲ್ಲಕ್ಕಿಂತ ಮೊದಲು ಫೆಬ್ರವರಿಯ ರೇಟು ಎಷ್ಟು ಅಂತ ಕೇಳಿ.

ಬೇರೆ ಖರ್ಚು: ಇ-ಟಿಎ ಅಂತ ಆನ್‌ಲೈನ್ ಅನುಮತಿ ತಲೆಗೆ 30 ಡಾಲರ್ ಚಿಲ್ಲರೆ. ಗೈಡ್‌ಗೆ ಭಕ್ಷೀಸು, ನಾವು ದಿನಕ್ಕೆ ತಲೆಗೆ 10 ಡಾಲರ್ ಕೊಟ್ಟೆವು. ಇಲ್ಲಿನ ಏಜೆಂಟ್ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ಮುಂಗಡ ಆದಾಯ ತೆರಿಗೆ ಹಿಡಿಯುತ್ತಾರೆ. ಅದು ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಯಲ್ಲಿ ಹೊಂದಿಕೆ ಆಗುತ್ತದೆ, ಆದರೆ ಆ ಹೊತ್ತಿಗೆ ಕೈಯಿಂದ ಹೋಗುತ್ತದೆ. ಆರ್‌ಡಿ ದುಡ್ಡು ಪೂರ್ತಿ ಎಣಿಸಿಟ್ಟುಕೊಂಡವರಿಗೆ ಇದು ಗೊತ್ತಿರಬೇಕು.

ಮಂಡ್ಯ ವಿದ್ಯಾನಗರ:

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಉತ್ತರಗಳಿಗೆ ಕಾಯುತ್ತಿದ್ದೆ.

ಕನ್ಸರ್ವೆನ್ಸಿ ಕ್ಯಾಂಪಿನವರು ಫೆಬ್ರವರಿಗೆ 470 ಡಾಲರ್ ಅಂತ ಬರೆದಿದ್ದಾರೆ. ನಾಲ್ಕು ಜನಕ್ಕೆ ಮೂರು ರಾತ್ರಿ 5,640. ಸಣ್ಣ ವಿಮಾನಕ್ಕೆ 1,520. ಒಟ್ಟು 7,160, ತಲೆಗೆ 1,790. ಡಾಲರ್‌ಗೆ 88 ರೂಪಾಯಿಯಂತೆ ಹಿಡಿದರೆ 1,57,520. ಅಕ್ಟೋಬರ್‌ನಲ್ಲಿ ಒಳಗಿನ ಕ್ಯಾಂಪಿಗೆ ಆಗುತ್ತಿದ್ದುದಕ್ಕಿಂತ ಕಡಿಮೆ! ನಿಮ್ಮ ಒಳ್ಳೆಯ ಹೊತ್ತಿನ ಲೆಕ್ಕದಲ್ಲಿ ಗಂಟೆಗೆ 112 ಡಾಲರ್. ನಮ್ಮ ಬಜೆಟ್‌ಗಿಂತ ತಲೆಗೆ ಏಳೂವರೆ ಸಾವಿರ ಜಾಸ್ತಿ. ಅದನ್ನು ತಾನು ಹಾಕುತ್ತೇನೆ ಅಂತ ತಮ್ಮನೇ ಹೇಳಿದ.

ಗಾಡಿಯಲ್ಲಿ ಆರು ಜನರವರೆಗೆ ಕೂರಿಸುತ್ತಾರಂತೆ. ಪ್ರತಿಯೊಬ್ಬರಿಗೂ ಕಿಟಕಿ ಪಕ್ಕದ ಸೀಟು ಅಂತ ಬರೆದುಕೊಟ್ಟಿದ್ದಾರೆ. ಗೈಡ್ ಬೆಳ್ಳಿ ದರ್ಜೆಯವರು. ಅಮ್ಮನಿಗೆ ಸ್ಟೂಲ್, ಹತ್ತಿರದ ಟೆಂಟ್ ಎರಡಕ್ಕೂ ಒಪ್ಪಿದ್ದಾರೆ.

ಅಡ್ವಾನ್ಸ್ ಇನ್ನೂ ಕಟ್ಟಿಲ್ಲ. ಸೋಮವಾರ ಅಪ್ಪ ಅಮ್ಮ ಇಬ್ಬರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಲಸಿಕೆ ಯಾಕೆ ಅಂತ ಹೇಳಲೇಬೇಕಾಯಿತು, ಹಾಗಾಗಿ ಗುಟ್ಟು ಒಡೆಯಿತು. ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಟ್ಟದ ಮೇಲಿನ ಹಳೇ ದುರ್ಬೀನು ಇಳಿಸಿ ತಂದು, ಜಗಲಿಯಲ್ಲಿ ಕೂತು ಪಂಚೆಯ ತುದಿಯಿಂದ ಗಾಜು ಒರೆಸುತ್ತಿದ್ದರು. ನಾಗರಹೊಳೆಗೆ ತರುತ್ತಿದ್ದರಲ್ಲ, ಅದೇ ದುರ್ಬೀನು. ಒಂದು ಕಡೆಯ ಗಾಜಿನೊಳಗೆ ಬೂಷ್ಟು ಹಿಡಿದಿದೆ. ಮೈಸೂರಿನಲ್ಲಿ ಇಂಥದ್ದನ್ನು ಸರಿ ಮಾಡುವವರು ಯಾರಾದರೂ ಗೊತ್ತಾ ಅಮ್ಮ?

ಕುವೆಂಪುನಗರ ಮೈಸೂರು:

ದೇವರಾಜ ಅರಸ್ ರಸ್ತೆಯ ಕಡೆ ಹಳೇ ಕ್ಯಾಮೆರಾ ರಿಪೇರಿಯವರನ್ನು ವಿಚಾರಿಸಿ ನಾಳೆ ಹೇಳುತ್ತೇನೆ. ಸೋಮವಾರ ಡಾಕ್ಟರ್ ಏನು ಅಂದರು ಅಂತ ಮರೆಯದೆ ಬರೆಯಿರಿ.